ಕಥೋಲಿಕರ ‘ಪರಮಪ್ರಸಾದ’: ಶಬ್ದಾರ್ಥವೂ ಶ್ರದ್ಧೆಯೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ನೆಲೆಸಿರುವ ಕಥೋಲಿಕ ಕ್ರೈಸ್ತರ ಮನೆಮಾತು ಒಂದೇ ಅಲ್ಲ. ಕೊಂಕಣಿಯನ್ನಾಡುವವರು ಬಹುಮಂದಿ, ತಮಿಳು, ಮಲೆಯಾಳಗಳನ್ನಾಡುವ ಕುಟುಂಬಗಳೂ ಉಂಟು, ಊರಿನ ವ್ಯವಹಾರಕ್ಕೂ ಇಗರ್ಜಿಯ ಪೂಜೆಗೂ ಕನ್ನಡವು ಎಲ್ಲರಿಗೂ ಸಾಧಾರಣವಾದ ಭಾಷೆ. ಆದುದರಿಂದ ಇವರ ಆರಾಧನೆಯ ಗರ್ಭದಲ್ಲಿರುವ ಒಂದೇ ವಸ್ತುವಿಗೆ ಹಲವು ಹೆಸರುಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಕೊಂಕಣಿಗರು ಪೂಜೆಯನ್ನು ‘ಮೀಸ್’ ಎಂದೂ, ಅಲ್ಲಿ ಕೊಡುವ ತೆಳ್ಳನೆಯ ಗೋದಿಯ ಬಿಲ್ಲೆಯನ್ನು ‘ಒಸ್ತಿ’ ಎಂದೂ, ಅದನ್ನು ಸ್ವೀಕರಿಸುವುದನ್ನು ‘ಕುಮ್ಗಾರ್’ ಎಂದೂ ಕರೆಯುತ್ತಾರೆ. ಇವೆಲ್ಲ ಪೋರ್ತುಗೀಸರ ಮೂಲಕ ಬಂದ ಲತೀನ್ ಮಾತುಗಳು. ಒಸ್ತಿಯ ಮೂಲವಾದ ‘ಹೋಸ್ತಿಯ’ ಎಂಬುದಕ್ಕೆ ಬಲಿಯಾಗಿ ಅರ್ಪಿಸುವ ಪಶುವೆಂದರ್ಥ; ಕುಮ್ಗಾರ್ ಎಂಬುದರ ಮೂಲಧಾತುವಿಗೆ ಒಟ್ಟಾಗಿ ಪಾಲುಗೊಳ್ಳುವುದೆಂದರ್ಥ. ಮಲೆಯಾಳಿಗರ ‘ಕುರ್ಬಾನ’ ಸಿರಿಯಾಕ ಭಾಷೆಯದು. ಬಕ್ರೀದಿನ ‘ಕುರ್ಬಾನಿ’ಯೂ ಅದೂ ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ಯೂರೋಪಿನ ಪಂಡಿತರು ಬಳಸುವ ‘ಎವ್ಖರಿಸ್ತಿಯ’ ಎಂಬ ಗ್ರೀಕ್ ಶಬ್ದಕ್ಕೆ ಕೃತಜ್ಞತಾಸ್ತುತಿ ಎಂದರ್ಥ. ಕನ್ನಡದಲ್ಲಿ ಮಾತ್ರ ಪೂಜೆಗೆ ‘ಬಲಿಪೂಜೆ’ಯೆಂದೂ ಸ್ವೀಕರಿಸುವ ವಸ್ತುವಿಗೆ ‘ಪರಮಪ್ರಸಾದ’ವೆಂದೂ ಹೆಸರು ನಿಂತಿದೆ. ಇತರ ಹೆಸರುಗಳಲ್ಲಿ ಬಲಿಪಶುವೂ ಸಹಭೋಜನವೂ ಅರ್ಪಣೆಯೂ ಸ್ತುತಿಯೂ ಕಾಣುತ್ತಿರಲು, ಕನ್ನಡದ ಹೆಸರಿನಲ್ಲಿ ಅನುಗ್ರಹವು ಕಾಣುತ್ತದೆ. ಈ ಹೆಸರು ವಸ್ತುವಿಗೆ ಎಷ್ಟರ ಮಟ್ಟಿಗೆ ಹೊಂದುತ್ತದೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಇದು ಕೇವಲ ಕೋಶಕಾರರ ಚರ್ಚೆಯಲ್ಲ. ನೆರೆಮನೆಯ ಹವ್ಯಕನೋ ಒಕ್ಕಲಿಗನೋ ದೀವರವನೋ ಮದುವೆಯ ಕರೆಯನ್ನು ಮನ್ನಿಸಿ ಇಗರ್ಜಿಗೆ ಹೋದನೆನ್ನೋಣ. ಪೂಜೆಯ ನಡುವೆ ಜನರು ಸಾಲುಗಟ್ಟಿ ಪೀಠದೆಡೆಗೆ ನಡೆಯುತ್ತಾರೆ. ‘ಪ್ರಸಾದ’ ಎಂಬ ಮಾತು ಕಿವಿಗೆ ಬೀಳುತ್ತದೆ. ಇವನೂ ಭಕ್ತಿಯಿಂದ ಸಾಲಿನಲ್ಲಿ ನಿಲ್ಲುತ್ತಾನೆ. ಕ್ರೈಸ್ತನಲ್ಲವೆಂದು ತಿಳಿದರೆ ಗುರುವು ಕೊಡಲಾರನು. ಪ್ರಸಾದವನ್ನು ಬೇಡವೆನ್ನುವುದು ಅಪಚಾರ, ಬೇಡಿ ಬಂದವನಿಗೆ ಕೊಡೆನೆನ್ನುವುದು ಅವಮಾನ ಎಂಬ ಸಂಸ್ಕಾರದಲ್ಲಿ ಬೆಳೆದವನಿಗೆ ಇದರಿಂದ ನೋವಾಗುವುದು ಸಹಜ. ಕೊಡದವನಲ್ಲಿ ತಿರಸ್ಕಾರವಿಲ್ಲ, ಕೇಳಿದವನಲ್ಲಿ ಅಪರಾಧವಿಲ್ಲ. ಇಬ್ಬರ ನಡುವೆ ನಿಂತಿರುವುದು ಎರಡು ಅರ್ಥಗಳುಳ್ಳ ಒಂದು ಶಬ್ದ.

ಈ ನಾಡಿಗೂ ಆ ಮತಕ್ಕೂ ಇರುವ ಪರಿಚಯ ಹೊಸದಲ್ಲ. ಇಟಲಿಯ ಕಥೋಲಿಕ ಯಾತ್ರಿಕ ಪಿಯೆತ್ರೊ ದೆಲ್ಲ ವಾಲೆಯು 1623ರಲ್ಲಿ ಪೋರ್ತುಗೀಸರ ರಾಯಭಾರಿಯೊಡನೆ ಘಟ್ಟವನ್ನೇರಿ, ಸಾಗರಕ್ಕೆ ಸಮೀಪದ ಇಕ್ಕೇರಿಗೆ ಬಂದು, ವೆಂಕಟಪ್ಪನಾಯಕನ ರಾಜಧಾನಿಯನ್ನೂ ಅಘೋರೇಶ್ವರನ ದೇವಾಲಯವನ್ನೂ ಕಂಡು ಬರೆದಿಟ್ಟಿದ್ದಾನೆ. ಬಿದನೂರಿನಿಂದ ಕೆಳದಿಯ ಚೆನ್ನಮ್ಮಾಜಿಯು ಆಳುತ್ತಿದ್ದ ಕಾಲದಲ್ಲಿ, 1678ರಲ್ಲಿ, ಪೋರ್ತುಗೀಸರೊಡನೆ ಆದ ಒಪ್ಪಂದದಿಂದ ಮಿರ್ಜಾನ, ಭಟ್ಕಳ, ಕಲ್ಯಾಣಪುರ ಮೊದಲಾದ ಕರಾವಳಿಯ ಸ್ಥಳಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅಪ್ಪಣೆ ದೊರೆಯಿತು. ವೀರಶೈವ ಪ್ರಭುತ್ವವು ಕೊಟ್ಟ ಈ ಅಪ್ಪಣೆಯು ಗಮನಿಸತಕ್ಕುದು. ಕರಾವಳಿಯ ಕೊಂಕಣಿ ಕ್ರೈಸ್ತರು ತೋಟ, ಮರಗೆಲಸ, ಕಲ್ಲುಕೆಲಸಗಳನ್ನರಸಿ ಘಟ್ಟದ ಮೇಲಕ್ಕೆ ಬಂದುದೂ, ಶರಾವತಿಯ ಅಣೆಕಟ್ಟು ಹಾಗೂ ವಿದ್ಯುದಾಗಾರಗಳ ಕೆಲಸಗಳಿಗಾಗಿ ನಾನಾ ಭಾಷೆಯ ಕೂಲಿಕಾರರು ನೆರೆದುದೂ ಅನಂತರದ ಸಂಗತಿಗಳು. 1988ರಲ್ಲಿ ಶಿವಮೊಗ್ಗವು ಪ್ರತ್ಯೇಕ ಧರ್ಮಪ್ರಾಂತವಾಯಿತು. ಸಿರಿಯಾಕ ಸಂಪ್ರದಾಯದ ಮಲೆಯಾಳಿ ಕಥೋಲಿಕರಿಗಾಗಿ 2007ರಲ್ಲಿ ಭದ್ರಾವತಿಯ ಧರ್ಮಪ್ರಾಂತವು ಏರ್ಪಟ್ಟಿತು.

ಇನ್ನು ವಸ್ತುವಿನ ಸ್ವರೂಪ. ಯೇಸುವು ತಾನು ಶಿಲುಬೆಗೇರುವ ಮುನ್ನಿನ ರಾತ್ರಿ ಶಿಷ್ಯರೊಡನೆ ಕೊನೆಯ ಊಟಕ್ಕೆ ಕುಳಿತು, ರೊಟ್ಟಿಯನ್ನು ಮುರಿದು ಅದು ತನ್ನ ಶರೀರವೆಂದೂ, ದ್ರಾಕ್ಷಾರಸದ ಪಾತ್ರೆಯನ್ನು ಕೊಟ್ಟು ಅದು ತನ್ನ ರಕ್ತವೆಂದೂ ಹೇಳಿ, ತನ್ನ ಸ್ಮರಣೆಗಾಗಿ ಹೀಗೆ ಮಾಡುತ್ತಿರಬೇಕೆಂದು ವಿಧಿಸಿದನು. ಕ್ರಿ. ಶ. 50ರ ದಶಕದಲ್ಲಿ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಇದರ ಅತಿ ಪ್ರಾಚೀನ ಉಲ್ಲೇಖವಿದೆ. ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿಯೂ ವೃತ್ತಾಂತವು ಬಂದಿದೆ. ಇಂದಿನ ಪೂಜೆಯಲ್ಲಿ ಮೊದಲು ಶಾಸ್ತ್ರಪಾರಾಯಣ, ಪ್ರವಚನ, ಅನಂತರ ರೊಟ್ಟಿ ಹಾಗೂ ದ್ರಾಕ್ಷಾರಸಗಳ ಸಮರ್ಪಣೆ, ಗುರುವು ಆ ರಾತ್ರಿಯ ವಾಕ್ಯಗಳನ್ನು ಉಚ್ಚರಿಸಿ ಎರಡನ್ನೂ ಮೇಲಕ್ಕೆತ್ತಿ ತೋರಿಸುವುದು, ಕೊನೆಗೆ ಸ್ವೀಕಾರ. ಎತ್ತಿ ತೋರಿಸುವ ಆ ಕ್ಷಣದಲ್ಲಿ ಗಂಟೆಯು ನುಡಿಯುತ್ತದೆ, ಜನರು ಮೊಣಕಾಲೂರಿರುತ್ತಾರೆ. ಗೋದಿಯ ಬಿಲ್ಲೆಯು ಇನ್ನು ಗೋದಿಯ ಬಿಲ್ಲೆಯಲ್ಲ, ಸಾಕ್ಷಾತ್ ಕ್ರಿಸ್ತನೆಂಬುದು ಅವರ ನಿಶ್ಚಯ. ಈ ನಿಶ್ಚಯವಿಲ್ಲದೆ ಕಥೋಲಿಕ ಪೂಜೆಯಲ್ಲಿ ಉಳಿಯುವುದು ಬರಿಯ ಸಭೆ.

‘ಬಲಿಪೂಜೆ’ ಎಂಬ ಹೆಸರನ್ನು ಮೊದಲು ನೋಡಬೇಕು. ಸಂಸ್ಕೃತದಲ್ಲಿ ಬಲಿಯೆಂದರೆ ಭೂತಗಳಿಗಿಡುವ ಅನ್ನ, ರಾಜನಿಗೆ ಸಲ್ಲುವ ಕಪ್ಪ ಎಂದು ಮುಂತಾಗಿ ಸೌಮ್ಯವಾದ ಅರ್ಥಗಳೂ ಇವೆ. ಆದರೆ ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವ ಸಾಗರದಂತಹ ಊರಿನಲ್ಲಿ ಬಲಿಯೆಂದೊಡನೆ, ಮಾರಿಜಾತ್ರೆಗಳಲ್ಲಿ ಹಿಂದೆ ಕಡಿಯುತ್ತಿದ್ದ ಕೋಣನ ನೆನಪಾಗುತ್ತದೆ. ಕಥೋಲಿಕರ ಬಲಿಯಲ್ಲಿ ಕತ್ತಿಯಿಲ್ಲ, ಹೊಸದಾಗಿ ರಕ್ತ ಹರಿಯುವುದಿಲ್ಲ. ಬಲಿಯಾದುದು ಒಂದೇ ಸಲ, ಶಿಲುಬೆಯ ಮೇಲೆ. ಪೀಠದ ಮೇಲೆ ಅದೇ ಬಲಿಯು ರಕ್ತರಹಿತವಾದ ರೀತಿಯಿಂದ ಸನ್ನಿಹಿತವಾಗುತ್ತದೆಯೇ ಹೊರತು ಮತ್ತೊಮ್ಮೆ ನಡೆಯುವುದಿಲ್ಲವೆಂದು 1562ರಲ್ಲಿ ತ್ರೆಂತ್ ನಗರದ ಮಹಾಸಭೆಯು ನಿರ್ಣಯಿಸಿತು. ಅರ್ಪಿಸುವವನೂ ಅವನೇ, ಅರ್ಪಿತವಾಗುವುದೂ ಅವನೇ. ಗುರುವು ಅವನ ಸ್ಥಾನದಲ್ಲಿ ನಿಂತವನು ಮಾತ್ರ. ದ್ರವ್ಯ, ದೇವತೆ, ತ್ಯಾಗ ಈ ಮೂರರ ಕೂಟವೇ ಯಾಗವೆಂಬ ಯಾಜ್ಞಿಕರ ಲಕ್ಷಣವನ್ನು ಇಲ್ಲಿ ಹೊಂದಿಸಲು ಹೊರಟರೆ ವಿಚಿತ್ರವಾದ ಸಂಕರವು ಒದಗುತ್ತದೆ. ಅಲ್ಲಿ ದ್ರವ್ಯ ಬೇರೆ, ಯಜಮಾನ ಬೇರೆ. ಇಲ್ಲಿ ಯಜಮಾನನೇ ದ್ರವ್ಯ. ಇದೂ ಅಲ್ಲದೆ, ಯಾಗವನ್ನು ಪ್ರತಿಸಲ ಮಾಡಿದಾಗಲೂ ಅದು ಹೊಸ ಕರ್ಮ, ಅದರಿಂದ ಹೊಸ ಅಪೂರ್ವ. ಕಥೋಲಿಕರ ಸಾವಿರ ಪೂಜೆಗಳಾದರೋ ಒಂದೇ ಕರ್ಮದ ಸಾವಿರ ಸನ್ನಿಧಿಗಳು.

ಹವಿಸ್ಸಿನ ಶೇಷದ ವಿಷಯದಲ್ಲಿಯೂ ಸಾಮ್ಯ ವೈಷಮ್ಯಗಳೆರಡೂ ಇವೆ. ದರ್ಶಪೂರ್ಣಮಾಸಾದಿಗಳಲ್ಲಿ ಪುರೋಡಾಶದ ಒಂದು ಭಾಗವನ್ನು ಅಗ್ನಿಯಲ್ಲಿ ಹೋಮಿಸಿ, ಉಳಿದುದರಲ್ಲಿ ಇಡಾಭಾಗವನ್ನು ಋತ್ವಿಜರೂ ಯಜಮಾನನೂ ಭಕ್ಷಿಸುತ್ತಾರೆ. ಮೀಮಾಂಸಕರು ಇಂತಹ ಶೇಷಭಕ್ಷಣವನ್ನು ಪ್ರತಿಪತ್ತಿಕರ್ಮವೆನ್ನುತ್ತಾರೆ. ಎಂದರೆ, ವಿನಿಯೋಗವಾದ ದ್ರವ್ಯವನ್ನು ಶಾಸ್ತ್ರೋಕ್ತವಾಗಿ ತಕ್ಕ ಎಡೆಗೆ ಸೇರಿಸುವುದು. ಕಥೋಲಿಕ ಪೂಜೆಯಲ್ಲಿ ಹೀಗಲ್ಲ. ಅಲ್ಲಿ ಗುರುವು ಸ್ವೀಕರಿಸದೆ ಬಲಿಯು ಪೂರ್ಣವಾಗದು. ಸ್ವೀಕಾರವು ಶೇಷದ ವಿಲೇವಾರಿಯಲ್ಲ, ಕರ್ಮದ ಅಂಗ.

ಈಗ ‘ಪ್ರಸಾದ’ಕ್ಕೆ ಬರೋಣ. ಪ್ರ ಎಂಬ ಉಪಸರ್ಗಪೂರ್ವಕವಾದ ಸದ್ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ತಿಳಿಯಾಗುವುದೆಂದು ಮೊದಲಿನ ಅರ್ಥ. ಕೆಸರು ಕೆಳಗಿಳಿದು ನೀರು ತಿಳಿಯಾದರೆ ಅದು ಪ್ರಸನ್ನ. ಅಲ್ಲಿಂದ ಚಿತ್ತದ ತಿಳಿತನ, ಒಡೆಯನ ಒಲವು, ದೇವರ ಅನುಗ್ರಹ. ಕೊನೆಗೆ ಆ ಅನುಗ್ರಹದ ಕುರುಹಾಗಿ ಕೈಗೆ ಬರುವ ಹೂ, ತೀರ್ಥ, ಅನ್ನ. ಲೋಕದಲ್ಲಿ ಈ ಕೊನೆಯ ಅರ್ಥವೇ ರೂಢವಾಗಿದೆ. ಕೆಳದಿಯವರ ನಾಡಿನಲ್ಲಿ ಇದಕ್ಕೆ ಮತ್ತಷ್ಟು ಗುರುತರವಾದ ಇನ್ನೊಂದು ಅರ್ಥವಿದೆ. ವೀರಶೈವರ ಅಷ್ಟಾವರಣಗಳಲ್ಲಿ ಪ್ರಸಾದವು ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಯದು ಮೂರನೆಯ ಸ್ಥಲ. ಗುರುವಿನಿಂದ ಬಂದುದು ಶುದ್ಧಪ್ರಸಾದ, ಲಿಂಗದಿಂದ ಬಂದುದು ಸಿದ್ಧಪ್ರಸಾದ, ಜಂಗಮದಿಂದ ಬಂದುದು ಪ್ರಸಿದ್ಧಪ್ರಸಾದ ಎಂಬ ವಿಭಾಗವುಂಟು. ಲಿಂಗಕ್ಕೆ ಅರ್ಪಿಸದುದನ್ನು ಮುಟ್ಟೆನೆಂಬ ನೇಮದವನಿಗೆ ಉಣ್ಣುವ ತುತ್ತೆಲ್ಲವೂ ಪ್ರಸಾದವೇ. ಆದರೆ ಆ ನೇಮವು ದೀಕ್ಷೆಯಾದವನದು. ಹೀಗೆ ಪ್ರಸಾದದ ಜೊತೆಯಲ್ಲಿ ಅಧಿಕಾರವನ್ನೂ ಹೇಳುವ ಪದ್ಧತಿ ಈ ಮಣ್ಣಿನಲ್ಲಿಯೇ ಇದೆ. ಕಥೋಲಿಕರ ಪ್ರಸಾದವನ್ನು ದೇವಾಲಯದ ಪಂಚಕಜ್ಜಾಯದೊಡನೆ ಹೋಲಿಸುವುದಕ್ಕಿಂತ ಪ್ರಸಾದಿಸ್ಥಲದೊಡನೆ ಹೋಲಿಸುವುದು ಹೆಚ್ಚು ನ್ಯಾಯವೆಂದು ತೋರುತ್ತದೆ.

ಆದರೂ ಒಂದು ಭೇದ ಉಳಿಯುತ್ತದೆ, ಮತ್ತು ಅದು ಅಲ್ಪವಲ್ಲ. ಯಾವ ಪ್ರಸಾದದಲ್ಲಿಯಾದರೂ ದೇವರು ಬೇರೆ, ದೇವರಿಗೆ ಅರ್ಪಿಸಿ ಮರಳಿ ಪಡೆದ ಪದಾರ್ಥ ಬೇರೆ. ನೈವೇದ್ಯವಾದ ಅನ್ನವು ಪವಿತ್ರವಾಗುತ್ತದೆ, ಆದರೆ ಅನ್ನವಾಗಿಯೇ ಉಳಿಯುತ್ತದೆ. ಕಥೋಲಿಕರಲ್ಲಿ ಮರಳಿ ಬರುವುದು ದೇವರು ಮುಟ್ಟಿದ ವಸ್ತುವಲ್ಲ, ದೇವರೇ. ‘ಪರಮ’ ಎಂಬ ವಿಶೇಷಣವನ್ನು ಸ್ತುತಿಗಾಗಿ ಸೇರಿಸಿದುದೆಂದು ಭಾವಿಸುವವರುಂಟು. ಹಾಗಲ್ಲ, ಆ ವಿಶೇಷಣವನ್ನು ತೆಗೆದರೆ ಶಬ್ದವು ಬೇರೊಂದು ವಸ್ತುವನ್ನು ಹೇಳುತ್ತದೆ. ಆಡುಮಾತಿನಲ್ಲಿ ‘ಪರಮ’ವು ಜಾರಿ ‘ಪ್ರಸಾದ’ ಮಾತ್ರ ಉಳಿದಾಗಲೇ ಮೇಲೆ ಹೇಳಿದ ಮದುವೆಮನೆಯ ತೊಡಕು ಹುಟ್ಟುವುದು.

ಅಲ್ಲಿ ಇರುವುದು ದೇವರೇ ಎಂಬ ಮಾತು ಕ್ರೈಸ್ತರೊಳಗೂ ನಿರ್ವಿವಾದವಲ್ಲ. ರೊಟ್ಟಿಯನ್ನು ತೋರಿಸಿ ಶರೀರವೆಂದ ವಾಕ್ಯದಲ್ಲಿ ಮುಖ್ಯಾರ್ಥವನ್ನು ಹಿಡಿಯಬೇಕೋ ಲಕ್ಷ್ಯಾರ್ಥವನ್ನೋ ಎಂಬುದರ ಮೇಲೆ ಯೂರೋಪು ಒಡೆಯಿತು. 1529ರಲ್ಲಿ ಮಾರ್ಬುರ್ಗ್ ಎಂಬಲ್ಲಿ ನಡೆದ ವಾದದಲ್ಲಿ ಸ್ವಿಂಗ್ಲಿಯು ಆ ವಾಕ್ಯಕ್ಕೆ ಸೂಚಿಸುತ್ತದೆಯೆಂಬ ಅರ್ಥವನ್ನು ಹೇಳಿದನು. ಲೂಥರನು ಮೂಲವಾಕ್ಯವನ್ನು ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟುಕೊಂಡು ಅಕ್ಷರಾರ್ಥವನ್ನು ಬಿಡೆನೆಂದನು. ರೋಮಿನಿಂದ ಬೇರೆಯಾದ ಇಬ್ಬರೂ ಈ ಒಂದು ವಾಕ್ಯದಲ್ಲಿ ತಮ್ಮೊಳಗೆ ಒಂದಾಗಲಿಲ್ಲ. ಸಂಸ್ಕೃತ ಶಾಸ್ತ್ರಗಳನ್ನು ಓದಿದವರಿಗೆ ಈ ವಾದವು ಪರಿಚಿತವಾದ ದಾರಿಯಲ್ಲಿಯೇ ನಡೆಯುತ್ತದೆ. ಯಜಮಾನನನ್ನು ದರ್ಭೆಯ ಮುಷ್ಟಿಯೆಂದೂ, ಯೂಪವನ್ನು ಸೂರ್ಯನೆಂದೂ ಹೇಳುವ ಶ್ರುತಿವಾಕ್ಯಗಳಿವೆ. ಪ್ರತ್ಯಕ್ಷಕ್ಕೆ ವಿರೋಧವಾಗುವುದರಿಂದ ಇವು ಗೌಣವೆಂದು ಮೀಮಾಂಸಕರು ನಿರ್ಣಯಿಸಿದರು. ಮುಖ್ಯಾರ್ಥಕ್ಕೆ ಬಾಧೆಯುಂಟಾದರೆ ಲಕ್ಷಣೆ. ಬಾಧೆಯಿಲ್ಲದಿದ್ದರೆ ಲಕ್ಷಣೆಗೆ ಎಡೆಯಿಲ್ಲ. ಸ್ವಿಂಗ್ಲಿಯ ಮಾರ್ಗ ಇದೇ. ಕಥೋಲಿಕರಾದರೋ, ಹೇಳಿದವನು ಈಶ್ವರನಾದುದರಿಂದ ಅವನ ಮಾತಿಗೆ ಪ್ರತ್ಯಕ್ಷವು ಬಾಧಕವಾಗಲಾರದು, ಬಾಧೆಯೇ ಇಲ್ಲವಾದುದರಿಂದ ಲಕ್ಷಣೆಯೂ ಇಲ್ಲ ಎನ್ನುತ್ತಾರೆ. ಛಾಂದೋಗ್ಯದ ಮಹಾವಾಕ್ಯದ ಮೇಲೆ ಅದ್ವೈತಿಗಳೂ ವಿಶಿಷ್ಟಾದ್ವೈತಿಗಳೂ ದ್ವೈತಿಗಳೂ ನಡೆಸಿದ ವಾದವನ್ನು ಬಲ್ಲವರು, ಒಂದು ಪುಟ್ಟ ವಾಕ್ಯದಿಂದ ಸಂಪ್ರದಾಯಗಳು ಕವಲೊಡೆಯುವುದನ್ನು ಕಂಡು ಆಶ್ಚರ್ಯಪಡಲಾರರು.

ಮುಖ್ಯಾರ್ಥವನ್ನೇ ಹಿಡಿದ ಮೇಲೆ ಅದನ್ನು ಉಪಪಾದಿಸುವ ಹೊಣೆ ಬಂತು. ಬಿಲ್ಲೆಯ ಬಿಳುಪು, ದುಂಡುತನ, ರುಚಿ ಎಲ್ಲವೂ ಹಾಗೆಯೇ ಇವೆಯಲ್ಲ? ಇದಕ್ಕೆ ಪಾಶ್ಚಾತ್ಯ ದಾರ್ಶನಿಕರು ಅರಿಸ್ತಾತಲನ ದ್ರವ್ಯಗುಣವಿವೇಚನೆಯನ್ನು ಆಶ್ರಯಿಸಿದರು. ಪೂಜೆಯಲ್ಲಿ ದ್ರವ್ಯವು ಮಾರ್ಪಡುತ್ತದೆ, ಗುಣಗಳು ಮಾರ್ಪಡುವುದಿಲ್ಲ ಎಂಬುದು ಸಿದ್ಧಾಂತ. 1215ರಲ್ಲಿ ಲಾತೆರಾನ್ ಮಹಾಸಭೆಯು ದ್ರವ್ಯಾಂತರವೆಂಬರ್ಥದ ಶಬ್ದವನ್ನು ಬಳಸಿತು. 1551ರಲ್ಲಿ ತ್ರೆಂತ್ ಮಹಾಸಭೆಯು ಆ ಶಬ್ದವೇ ಯುಕ್ತತಮವೆಂದಿತು. ನಡುವೆ, ಹದಿಮೂರನೆಯ ಶತಮಾನದಲ್ಲಿ, ಸಂತ ತೋಮಾಸ ಅಕ್ವೀನಾಸನು ಅದನ್ನು ಸವಿಸ್ತರವಾಗಿ ವಿವರಿಸಿದನು.

ನಮ್ಮ ತಾರ್ಕಿಕರ ಕಣ್ಣಿನಿಂದ ನೋಡಿದರೆ ಇದು ಪಾಕಜಪ್ರಕ್ರಿಯೆಯ ವಿಪರ್ಯಯ. ಹಸಿಯ ಮಡಕೆಯನ್ನು ಆವಿಗೆಯಲ್ಲಿಟ್ಟಾಗ ಕಪ್ಪು ಹೋಗಿ ಕೆಂಪು ಬರುತ್ತದೆ. ಇಡಿಯ ಮಡಕೆಯೇ ಬಣ್ಣವನ್ನು ಬದಲಿಸುತ್ತದೆಂದು ನೈಯಾಯಿಕರು, ಮಡಕೆಯು ಪರಮಾಣುಗಳವರೆಗೆ ಬಿಚ್ಚಿ ಮತ್ತೆ ಕೂಡುತ್ತದೆಂದು ವೈಶೇಷಿಕರು. ಇಬ್ಬರಿಗೂ ಸಮ್ಮತವಾದುದು, ಮಣ್ಣು ಮಣ್ಣಾಗಿಯೇ ಇದ್ದು ರೂಪಾದಿಗುಣಗಳು ಬದಲಾಗುತ್ತವೆಂಬುದು. ಕಥೋಲಿಕರಲ್ಲಿ ರೂಪರಸಾದಿಗಳು ನಿಂತು ದ್ರವ್ಯವೇ ಬದಲಾಗುತ್ತದೆ. ಆಗ ತಾರ್ಕಿಕನು ಕೇಳುವ ಪ್ರಶ್ನೆ ಒಂದೇ: ಗುಣವು ಸಮವಾಯಸಂಬಂಧದಿಂದ ದ್ರವ್ಯದಲ್ಲಿರತಕ್ಕುದು; ರೊಟ್ಟಿಯೆಂಬ ದ್ರವ್ಯವೇ ಇಲ್ಲವಾದ ಮೇಲೆ ಆ ಬಿಳುಪು ಎಲ್ಲಿ ನಿಂತಿದೆ? ಕ್ರಿಸ್ತನ ಶರೀರದಲ್ಲಿ ನಿಂತಿದೆ ಎನ್ನುವಂತಿಲ್ಲ. ಹಾಗೆಂದರೆ ಅವನ ಶರೀರವೇ ಬೆಳ್ಳಗೆ ದುಂಡಗೆ ಇದೆಯೆಂದಾಗುತ್ತದೆ. ಈ ಆಕ್ಷೇಪವನ್ನು ತೋಮಾಸನು ತಾನೇ ಎತ್ತಿಕೊಂಡಿದ್ದಾನೆ. ಪರಿಮಾಣವು ಈಶ್ವರಶಕ್ತಿಯಿಂದ ನಿರಾಶ್ರಯವಾಗಿ ನಿಲ್ಲುತ್ತದೆ, ಉಳಿದ ಗುಣಗಳು ಆ ಪರಿಮಾಣವನ್ನು ಆಶ್ರಯಿಸುತ್ತವೆ ಎಂಬುದು ಅವನ ಸಮಾಧಾನ. ಪರಿಮಾಣವೂ ಒಂದು ಗುಣ, ಗುಣದಲ್ಲಿ ಗುಣವಿರಲಾರದು ಎಂದು ನೈಯಾಯಿಕನು ಮತ್ತೆ ಆಕ್ಷೇಪಿಸಬಹುದು. ಆದರೆ ಆಶ್ರಯದ ನಾಶದಿಂದ ಗುಣದ ನಾಶವೆಂದು ಹೇಳುವ ನೈಯಾಯಿಕನು, ಕಾರಣವು ಕಾರ್ಯಕ್ಕೆ ಮೊದಲಿರಬೇಕಾದುದರಿಂದ, ಗುಣವು ಒಂದು ಕ್ಷಣವಾದರೂ ಆಶ್ರಯವಿಲ್ಲದೆ ನಿಲ್ಲುವುದನ್ನು ತಾನೂ ಒಪ್ಪಿದ್ದಾನೆ. ಅವನು ಒಂದು ಕ್ಷಣಕ್ಕೆ ಒಪ್ಪಿದುದನ್ನು ಇವರು ಬಿಲ್ಲೆಯು ಕರಗಿ ಜೀರ್ಣವಾಗುವವರೆಗೆ ಎನ್ನುತ್ತಾರೆ. ರೊಟ್ಟಿಯ ಲಕ್ಷಣಗಳು ಅಳಿದಾಗ ಆ ಸನ್ನಿಧಿಯೂ ಮುಗಿಯುತ್ತದೆಂಬುದು ಅವರ ಮತ. ಇಷ್ಟಾಗಿಯೂ ತೋಮಾಸನ ಯುಕ್ತಿಯಿಂದ ಯಾರೂ ಈ ತತ್ತ್ವವನ್ನು ನಂಬಿದಂತೆ ತೋರುವುದಿಲ್ಲ. ನಂಬಿದವರಿಗೆ ಅದು ಅಸಂಭವವಲ್ಲವೆಂದು ತೋರಿಸುವುದಷ್ಟೇ ಯುಕ್ತಿಯ ಕೆಲಸ. ತೋಮಾಸನೂ ಅದಕ್ಕಿಂತ ಹೆಚ್ಚನ್ನು ಬಯಸಲಿಲ್ಲ.

ಹಾಗಾದರೆ ಪ್ರಮಾಣ ಯಾವುದು? ಪ್ರತ್ಯಕ್ಷವಲ್ಲ, ಕಣ್ಣು, ಮೂಗು, ನಾಲಗೆ, ಚರ್ಮಗಳೆಲ್ಲ ರೊಟ್ಟಿಯೆಂದೇ ಸಾಕ್ಷಿ ನುಡಿಯುತ್ತವೆ. ಅನುಮಾನವಲ್ಲ, ವ್ಯಾಪ್ತಿಗೆ ದೃಷ್ಟಾಂತವಿಲ್ಲ. ಉಳಿದುದು ಶಬ್ದ. ತೋಮಾಸನದೆಂದು ಹಾಡಿಕೊಂಡು ಬಂದಿರುವ ಒಂದು ಲತೀನ್ ಸ್ತೋತ್ರದ ಆಶಯವೂ ಇದೇ: ನೋಟ, ಸ್ಪರ್ಶ, ರುಚಿಗಳು ಇಲ್ಲಿ ಸೋಲುತ್ತವೆ, ಕೇಳುವಿಕೆಯೊಂದನ್ನೇ ನೆಚ್ಚಬಹುದು. ಆಪ್ತವಾಕ್ಯವನ್ನು ಪ್ರಮಾಣವೆಂದು ಬಗೆಯುವ ದರ್ಶನಗಳಿಗೆ ಈ ನಿಲುವು ಹೊಸದಲ್ಲ. ಆದರೆ ಶಬ್ದವು ಅತೀಂದ್ರಿಯವಾದ ವಿಷಯದಲ್ಲಿ ಪ್ರಮಾಣವೆಂದು ಹೇಳುವುದು ಬೇರೆ. ಕಣ್ಣೆದುರಿಗೇ ಇರುವ ವಸ್ತುವಿನಲ್ಲಿ ಕಣ್ಣಿಗಿಂತ ಬಲವತ್ತರವೆಂದು ಹೇ�ಳುವುದು ಬೇರೆ. ಎರಡನೆಯದನ್ನು ಹೇಳಿದ್ದರಲ್ಲಿಯೇ ಕಥೋಲಿಕ ಶ್ರದ್ಧೆಯ ವೈಲಕ್ಷಣ್ಯವಿದೆ.

‘ಶ್ರದ್ಧೆ’ ಎಂಬ ಮಾತನ್ನು ಇಲ್ಲಿ ಬಳಸುವುದಕ್ಕೆ ಭಾಷಾಶಾಸ್ತ್ರದ ಬೆಂಬಲವೂ ಇದೆ. ಪೂಜೆಯಲ್ಲಿ ಪಠಿಸುವ ವಿಶ್ವಾಸಪ್ರಕಟನೆಯು ಲತೀನಿನಲ್ಲಿ ‘ಕ್ರೇದೋ’ ಎಂಬ ಪದದಿಂದ ಮೊದಲಾಗುತ್ತದೆ; ನಂಬುತ್ತೇನೆ ಎಂದು ಅರ್ಥ. ಈ ಕ್ರಿಯಾಪದವೂ ಸಂಸ್ಕೃತದ ಶ್ರತ್-ಧಾ ಎಂಬುದೂ ಒಂದೇ ಮೂಲದಿಂದ ಇಳಿದುವೆಂದು ಭಾಷಾಶಾಸ್ತ್ರಜ್ಞರು ನಿಶ್ಚಯಿಸಿದ್ದಾರೆ. ವೈದಿಕ ನಿಘಂಟುವಿನಲ್ಲಿ ‘ಶ್ರತ್’ ಎಂಬುದು ಸತ್ಯದ ಹೆಸರುಗಳ ಸಾಲಿನಲ್ಲಿ ಬಂದಿದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಶ್ರದ್ಧೆಯನ್ನೇ ದೇವತೆಯಾಗುಳ್ಳ ಒಂದು ಸೂಕ್ತವೂ ಉಂಟು. ಸತ್ಯವೆಂದು ಇಟ್ಟುಕೊಳ್ಳುವುದೇ ಶ್ರದ್ಧೆ. ಒಂದೇ ಮಾತು ಒಂದು ಕಡೆ ಅಗ್ನಿಯ ಮುಂದೆ, ಇನ್ನೊಂದು ಕಡೆ ಶಿಲುಬೆಯ ಮುಂದೆ ನಿಂತಿದೆ.

ಸ್ವೀಕಾರದ ಸಮಯದಲ್ಲಿ ಈ ಶ್ರದ್ಧೆಯು ಒಂದು ಪದಕ್ಕೆ ಇಳಿಯುತ್ತದೆ. ಗುರುವು ಬಿಲ್ಲೆಯನ್ನು ತುಸು ಎತ್ತಿ ಹಿಡಿದು ಅದು ಕ್ರಿಸ್ತನ ಶರೀರವೆನ್ನುತ್ತಾನೆ; ಎದುರಿಗೆ ನಿಂತವನು ‘ಆಮೆನ್’ ಎನ್ನುತ್ತಾನೆ. ದೃಢತೆ, ನೆಚ್ಚಿಕೆ ಎಂಬರ್ಥಗಳುಳ್ಳ ಹೀಬ್ರೂ ಧಾತುವಿನಿಂದ ಬಂದ ಈ ಪದಕ್ಕೆ ‘ಅದು ನಿಜ’ ಎಂದು ತಾತ್ಪರ್ಯ. ಇದನ್ನು ಹೇಳದೆ ಸ್ವೀಕಾರವಿಲ್ಲ. ನೆರೆಯ ಅತಿಥಿಗೆ ಕೊಡದಿರುವುದರ ಕಾರಣವನ್ನು ಇಲ್ಲಿಯೇ ಹುಡುಕಬೇಕು. ಅವನ ಕೈ ಮೈಲಿಗೆಯೆಂದು ಕೊಡದಿರುವುದಲ್ಲ. ಅವನು ಒಪ್ಪದ ಒಂದು ಸಿದ್ಧಾಂತಕ್ಕೆ ಅವನ ಬಾಯಿಂದ ‘ನಿಜ’ವೆನ್ನಿಸುವುದು ಅವನಿಗೂ ನ್ಯಾಯವಲ್ಲವೆಂದು. ದೀಕ್ಷಾಸ್ನಾನವಾಗಿರಬೇಕು, ಗುರುತರವಾದ ಪಾಪವಿದ್ದರೆ ಪಾಪನಿವೇದನೆಯಾಗಿರಬೇಕು, ಸ್ವೀಕಾರಕ್ಕೆ ಮುಂಚೆ ಉಪವಾಸವಿರಬೇಕು ಎಂಬ ನಿಯಮಗಳು ಕಥೋಲಿಕರಿಗೂ ಉಂಟು. ಉಪವಾಸವು ಹಿಂದೆ ನಡುರಾತ್ರಿಯಿಂದ ಇತ್ತು. 1957ರಲ್ಲಿ ಮೂರು ಗಂಟೆಗೂ 1964ರಲ್ಲಿ ಒಂದು ಗಂಟೆಗೂ ಇಳಿಯಿತು. ವಧೂವರರಲ್ಲಿ ಒಬ್ಬರು ಕ್ರೈಸ್ತರಲ್ಲದಿದ್ದರೆ ಬಲಿಪೂಜೆಯಿಲ್ಲದೆ ವಿವಾಹವಿಧಿಯನ್ನಷ್ಟೇ ನಡೆಸುವ ಕ್ರಮವುಂಟು; ತೊಡಕನ್ನು ತಪ್ಪಿಸುವ ವಿವೇಕ ಇದರಲ್ಲಿದೆ.

ಅಧಿಕಾರದ ನಿಯಮವು ಜಾತಿಯ ನಿಯಮವಾಗಬಾರದೆಂಬುದು ಆ ಮತದ ಮೂಲದಲ್ಲಿಯೇ ಇದೆ. ಕೊರಿಂಥದಲ್ಲಿ ಉಳ್ಳವರು ಮುಂಚಿತವಾಗಿ ಉಂಡು ಮುಗಿಸಿ ಇಲ್ಲದವರನ್ನು ಹಸಿದಿರಿಸಿದಾಗ ಪೌಲನು ಕಟುವಾಗಿ ಖಂಡಿಸಿದನು. ನಮ್ಮ ಮಾತಿನಲ್ಲಿ ಹೇಳಿದರೆ ಅದು ಪಂಕ್ತಿಭೇದದ ಖಂಡನೆ. ದಕ್ಷಿಣದೇಶದ ಎಷ್ಟೋ ಇಗರ್ಜಿಗಳಲ್ಲಿ ಜಾತಿಗೊಂದು ಸಾಲು ಬಹುಕಾಲ ಇದ್ದಿತೆಂಬುದನ್ನೂ ಮರೆಮಾಡುವಂತಿಲ್ಲ. ಬೋಧೆ ಒಂದು, ಊರಿನ ಅಭ್ಯಾಸ ಇನ್ನೊಂದು.

ಪೂಜೆಯ ಬಳಿಕ ಉಳಿದ ಪರಮಪ್ರಸಾದವನ್ನು ಬೀಗವುಳ್ಳ ಚಿಕ್ಕ ಗೂಡಿನಲ್ಲಿರಿಸಿ ಅದರ ಬಳಿಯಲ್ಲಿ ಆರದ ದೀಪವನ್ನಿಡುತ್ತಾರೆ. ನಂದಾದೀಪದ ಅರ್ಥ ಮಲೆನಾಡಿಗರಿಗೆ ಹೇಳಿಕೊಡಬೇಕಾದುದಲ್ಲ. ಹೀಗೆ ಕಾದಿರಿಸುವುದರ ಮೊದಲ ಉದ್ದೇಶ ಇಗರ್ಜಿಗೆ ಬರಲಾರದ ರೋಗಿಗಳು. ಮರಣಾಸನ್ನನಿಗೆ ಕೊಡುವ ಪರಮಪ್ರಸಾದಕ್ಕೆ ಲತೀನಿನಲ್ಲಿ ‘ವಿಯಾತಿಕುಂ’ ಎಂದು ಹೆಸರು. ದಾರಿಗೆ ಬೇಕಾದ ಬುತ್ತಿಯೆಂದರ್ಥ. ಸಂಸ್ಕೃತದ ‘ಪಾಥೇಯ’ವು ಅಕ್ಷರಶಃ ಇದೇ ಶಬ್ದ. ಹೆಸರುಗಳಲ್ಲೆಲ್ಲ ಕನ್ನಡಕ್ಕೆ ಅತ್ಯಂತ ಸುಲಭವಾಗಿ ಬರಬಹುದಾದುದು ಇದೆಂದು ಹೇಳದೆ ವಿಧಿಯಿಲ್ಲ.

ಇನ್ನು ದ್ರವ್ಯದ ಮಾತು. ರೊಟ್ಟಿಯೆಂದರೆ ಮಲೆನಾಡಿನಲ್ಲಿ ಅಕ್ಕಿರೊಟ್ಟಿ. ಕನ್ನಡ ಬೈಬಲಿನ ‘ರೊಟ್ಟಿ’ಯನ್ನು ಕೇಳಿದ ತೀರ್ಥಹಳ್ಳಿಯ ಕೂಸಿನ ಕಣ್ಣಿಗೆ ಕಟ್ಟುವುದು ಅದೇ. ಆದರೆ ಪೂಜೆಯ ರೊಟ್ಟಿಯು ಗೋದಿಯದೇ ಆಗಿರಬೇಕು, ರಸವು ದ್ರಾಕ್ಷಿಯದೇ ಆಗಿರಬೇಕು. 1983ರ ಧರ್ಮಸಂಹಿತೆಯಲ್ಲಿಯೂ ಇದೇ ವಿಧಿಯಿದೆ. ಭತ್ತ ಅಡಕೆಗಳ ಈ ಸೀಮೆಗೆ ಎರಡೂ ಹೊರಗಿನಿಂದ ಬರಬೇಕು. ವ್ರೀಹಿ ದೊರೆಯದಿದ್ದರೆ ನೀವಾರ, ಸೋಮ ದೊರೆಯದಿದ್ದರೆ ಪೂತೀಕ ಎಂದು ಪ್ರತಿನಿಧಿದ್ರವ್ಯವನ್ನು ಅನುಮತಿಸಿದ ಮೀಮಾಂಸಕರಿಗೆ ಇದು ಕಠಿನವೆಂದು ತೋರಬಹುದು. ವೈದಿಕನಿಗೆ ಕರ್ಮವು ನಿಲ್ಲದೆ ನಡೆಯುವುದು ಮುಖ್ಯ. ಕಥೋಲಿಕನಿಗೆ ಆ ಒಂದು ರಾತ್ರಿ ಆ ಒಬ್ಬನು ಕೈಗೆ ತೆಗೆದುಕೊಂಡುದು ಯಾವುದೋ ಅದೇ ಮುಖ್ಯ. ಕರ್ಮವು ಒಂದು ಐತಿಹಾಸಿಕ ಘಟನೆಗೆ ಕಟ್ಟುಬಿದ್ದಿರುವಾಗ ಪ್ರತಿನಿಧಿಗೆ ಎಡೆಯಿರದು. ಗೋದಿಯ ಅಂಟು ದೇಹಕ್ಕೆ ಒಗ್ಗದವರಿಗೂ ಅಂಟನ್ನು ಬಹುಮಟ್ಟಿಗೆ ಕಳೆದ ಗೋದಿಯ ಬಿಲ್ಲೆಯೇ ಹೊರತು ಅಕ್ಕಿಯದು ಸಲ್ಲದು. ಅವರು ದ್ರಾಕ್ಷಾರಸವನ್ನು ಮಾತ್ರ ಸ್ವೀಕರಿಸಬಹುದು, ಏಕೆಂದರೆ ಎರಡರಲ್ಲಿ ಯಾವುದೊಂದರಲ್ಲಿಯೂ ಕ್ರಿಸ್ತನು ಪೂರ್ಣನಾಗಿದ್ದಾನೆಂಬುದು ಸಿದ್ಧಾಂತ.

ದ್ರವ್ಯವನ್ನು ಬಿಟ್ಟು ಉಳಿದುದರಲ್ಲಿ ಬದಲಾವಣೆಗೆ ಅವಕಾಶ ದೊರೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಪೂಜಾಶಾಸನದಿಂದ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಅದುವರೆಗೆ ಲತೀನಿನಲ್ಲಿ ಕೇಳಿಸುತ್ತಿದ್ದ ಮಂತ್ರಗಳು ಅನಂತರ ಕನ್ನಡದಲ್ಲಿ ಕೇಳಿಸತೊಡಗಿದುವು. 1969ರಲ್ಲಿ ಭಾರತದ ಪೂಜೆಗಾಗಿ ಹನ್ನೆರಡು ಅಂಶಗಳಿಗೆ ರೋಮಿನ ಸಮ್ಮತಿ ಬಂದಿತು: ಪಾದರಕ್ಷೆಯನ್ನು ಕಳಚುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಮೊಣಕಾಲೂರುವುದಕ್ಕೆ ಬದಲಾಗಿ ಅಂಜಲಿ, ಎಣ್ಣೆಯ ದೀಪ, ಆರತಿ ಮುಂತಾದುವು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪಿತವಾದ ಕಥೋಲಿಕರ ರಾಷ್ಟ್ರೀಯ ಕೇಂದ್ರವೂ ಅದರ ನಿರ್ದೇಶಕ ಡಿ. ಎಸ್. ಅಮಲೋರ್ಪವದಾಸರೂ ಇದಕ್ಕೆ ಬಹುವಾಗಿ ದುಡಿದರು. ಇದನ್ನು ಮೆಚ್ಚಿದವರಂತೆ ಹಳಿದವರೂ ಇದ್ದರು. ಹನ್ನೆರಡರಲ್ಲಿ ಅಕ್ಕಿಯ ಪ್ರಸ್ತಾಪವಿಲ್ಲ.

ಅಕ್ಕಿಗೆ ಇಗರ್ಜಿಯಲ್ಲಿ ಬೇರೊಂದು ದಿನವಿದೆ. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮೋತ್ಸವ. ಕೊಂಕಣಿ ಕ್ರೈಸ್ತರು ಇದನ್ನು ‘ಮೊಂತಿ ಫೆಸ್ತ್’ ಎನ್ನುತ್ತಾರೆ. ಆ ದಿನ ಹೊಸ ಭತ್ತದ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯ ಹಿರಿಯರು ಕಾಳನ್ನು ಸುಲಿದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅಂದಿನ ಊಟದಲ್ಲಿ ಮಾಂಸವಿಲ್ಲ. ಆಶ್ವೀಜದ ಹುಣ್ಣಿಮೆಯಲ್ಲಿ, ಭೂಮಣ್ಣಿ ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ, ಬಸುರಾದ ಪೈರಿಗೆ ಎಡೆಯಿಡುವ ದೀವರ ಭೂಮಿಹುಣ್ಣಿಮೆಯು ಇದಕ್ಕೆ ತಿಂಗಳೊಪ್ಪತ್ತಿನ ಈಚೆಗೇ ಬರುತ್ತದೆ. ಕಥೋಲಿಕ ಶಾಸ್ತ್ರದಂತೆ ಈ ತೆನೆಯು ಆಶೀರ್ವಾದವನ್ನು ಪಡೆದ ಪದಾರ್ಥ. ಏಳು ಸಂಸ್ಕಾರಗಳಿಗೆ ಸೇರಿದುದಲ್ಲ. ಅದರಲ್ಲಿ ದ್ರವ್ಯಾಂತರವಿಲ್ಲ, ಭತ್ತವು ಭತ್ತವಾಗಿಯೇ ಉಳಿಯುತ್ತದೆ. ದೇವರಿಗೆ ಒಪ್ಪಿಸಿ ಮರಳಿ ಪಡೆದ ಅನ್ನವೆಂಬ ಅರ್ಥದಲ್ಲಿ, ಈ ಸೀಮೆಯವರು ಪ್ರಸಾದವೆಂದು ಯಾವುದನ್ನು ಕರೆಯುತ್ತಾರೆಯೋ ಅದು ಇದೇ. ಇದನ್ನು ನೆರೆಯವನ ಕೈಯಲ್ಲಿಡಲು ‘ಆಮೆನ್’ ಬೇಕಿಲ್ಲ, ದೀಕ್ಷಾಸ್ನಾನವನ್ನು ಯಾರೂ ಕೇಳುವುದಿಲ್ಲ.